ಮಳೆಗಾಲಕ್ಕೆ ನಾಲ್ಕು ಡಬ್ಬಿ

ಗೋವಾದ ಬೇತುಲ್‌ನ ಮೀನುಗಾರರ ಕೇರಿಯಲ್ಲಿ ಮೇ ತಿಂಗಳ ಕೊನೆಗೆ ದೋಣಿಗಳನ್ನು ದಡಕ್ಕೆಳೆದು ತೆಂಗಿನ ಗರಿಯ ತಡಿಕೆ ಹೊದಿಸುತ್ತಾರೆ. ಆ ದಿನ ಪ್ರತಿ ಮನೆಗೂ ಕೊನೆಯ ಪಾಲು ಸಿಗುತ್ತದೆ. ವರ್ಷದಲ್ಲಿ ಒಟ್ಟಿಗೆ ಕೈಗೆ ಬರುವ ದೊಡ್ಡ ದುಡ್ಡು ಅದೇ. ಗಂಡಸರು ನಗುನಗುತ್ತಾ ಮನೆಗೆ ಬರುತ್ತಾರೆ. ಹೆಂಗಸರು ಅಷ್ಟಾಗಿ ನಗುವುದಿಲ್ಲ. ಯಾಕೆಂದರೆ ಆಮೇಲೆ ಸಮುದ್ರದ ಬಾಗಿಲು ಮುಚ್ಚುತ್ತದೆ. ಆಗಸ್ಟ್‌ನಲ್ಲಿ ದೋಣಿ ಮತ್ತೆ ನೀರಿಗಿಳಿದರೂ ಮೊದಮೊದಲ ದುಡಿಮೆ ಡೀಸೆಲ್ಲಿಗೆ, ಬಲೆ ರಿಪೇರಿಗೆ ಅಂತ ದೋಣಿಯ ಯಜಮಾನನ ಕಡೆಗೇ ಹೋಗುತ್ತದೆ. ಮನೆಗೆ ನಾಲ್ಕು ಕಾಸು ಬರುವ ಹೊತ್ತಿಗೆ ಸೆಪ್ಟೆಂಬರ್ ಮುಗಿದಿರುತ್ತದೆ. ಅಲ್ಲಿಯ ತನಕ ಹೊಟ್ಟೆ ಸುಮ್ಮನಿರುತ್ತದೆಯೆ?

ಇನಾಸನ ಹೆಂಡತಿ ಜೊಕಿನಾಗೂ ಆ ವರ್ಷ ಹೆದರಿಕೆ ಇತ್ತು. ಆದರೆ ಅವಳಿಗೆ ಇದ್ದದ್ದು ಬೀಗಿತ್ತಿಯ ಬಾಯಿಯ ಹೆದರಿಕೆ.

ಮಗಳು ವಿಯೋಲಾಳ ಮದುವೆ ಜನವರಿಯಲ್ಲಿ ಆಗಿತ್ತು. ಅಳಿಯ ರೊಮಾರಿಯೊ ಕೊಲ್ವಾದ ಕಡಲ ದಂಡೆಯ ಹೋಟೆಲಿನಲ್ಲಿ ಅಡುಗೆಯವನು. ಹುಡುಗ ಚಿನ್ನದಂಥವನು, ಅವನ ಬಗ್ಗೆ ಎರಡು ಮಾತಿಲ್ಲ. ಆದರೆ ಜೂನ್‌ನಲ್ಲಿ ಸಾಂ ಜಾಂವ್ ಹಬ್ಬ ಬರುತ್ತದೆ. ಮದುವೆಯಾದ ವರ್ಷ ಅಳಿಯ ತಲೆಗೆ ಹೂವು ಎಲೆಗಳ ಕಿರೀಟ ಇಟ್ಟುಕೊಂಡು, ಗೆಳೆಯರ ದಂಡು ಕಟ್ಟಿಕೊಂಡು ಅತ್ತೆಮನೆಗೆ ಬಂದು ಬಾವಿಗೆ ಹಾರುತ್ತಾನೆ. ಅತ್ತೆಯಾದವಳು ಆ ದಂಡಿಗೆಲ್ಲ ಊಟ ಹಾಕಬೇಕು, ಫೆನಿ ಕುಡಿಸಬೇಕು, ಬೀಗರ ಮನೆಗೆ ಹಣ್ಣಿನ ಬುಟ್ಟಿ ಕಳಿಸಬೇಕು. ಆ ಹಣ್ಣನ್ನು ಬೀಗರು ತಮ್ಮ ಕೇರಿಯ ಮನೆಮನೆಗೂ ಹಂಚುತ್ತಾರೆ. ಬುಟ್ಟಿ ಚಿಕ್ಕದಾದರೆ ಮಾತು ದೊಡ್ಡದಾಗುತ್ತದೆ.

"ನಮ್ಮ ಕೇರಿಯಲ್ಲಿ ಮನೆ ಬಹಳ ಉಂಟು ನೋಡಿ," ಎಂದು ಬೀಗಿತ್ತಿ ಈಸ್ಟರ್ ದಿನವೇ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ನಗುತ್ತಾ ಹೇಳಿದ್ದಳು. ಅವಳು ಸುಮ್ಮನೆ ಹೇಳಿದಳೋ ಚುಚ್ಚಿ ಹೇಳಿದಳೋ ದೇವರಿಗೇ ಗೊತ್ತು. ಜೊಕಿನಾಳಿಗಂತೂ ಅಂದಿನಿಂದ ನಿದ್ದೆ ಸರಿಯಾಗಿ ಹತ್ತಿರಲಿಲ್ಲ.

ಕೊನೆಯ ಪಾಲು ಸಿಗುವ ದಿನ ಬೆಳಿಗ್ಗೆ ಅವಳು ಕುಡಿಯುವ ನೀರಿಗೆಂದು ಬೀದಿಯ ನಲ್ಲಿಗೆ ಹೋಗುವಾಗ, ಪಕ್ಕದ ಮನೆಯ ಬೆರ್ತಾ ಜಗಲಿಯಲ್ಲಿ ಕೂತು ತಗಡಿನ ಡಬ್ಬಿಗಳಿಗೆ ಹಗ್ಗ ಬಿಗಿಯುತ್ತಿದ್ದಳು. ಬೆರ್ತಾ ವಿಧವೆ. ಸಿಗಡಿ ಉಪ್ಪಿನಕಾಯಿ ಮಾಡಿ ಮಾರುತ್ತಾಳೆ. ಹೆಂಗಸರ ಸಂಘದಲ್ಲೂ ಇದ್ದಾಳೆ.

"ಏನ್ ಬೆರ್ತಾ, ಹೆಣ ಕಟ್ಟಿದ ಹಾಗೆ ಕಟ್ತಾ ಇದ್ದಿಯಲ್ಲ ಡಬ್ಬಿನ?"

"ಹೆಣ ಬೀಳ್ಬಾರ್ದು ಅಂತ ಕಟ್ತಾ ಇದ್ದೇನೆ ಮಾರಾಯ್ತಿ. ಬಾ, ಕೂತ್ಕೋ. ಇದು ಜೂನ್. ಅದು ಜುಲೈ. ಆಚೆದು ಆಗಸ್ಟ್. ಗೋಡೆ ಹತ್ರ ಇರೂದು ಸೆಪ್ಟೆಂಬರ್."

ಜೊಕಿನಾಳಿಗೆ ನಗು ತಡೆಯಲಾಗಲಿಲ್ಲ. "ಎಲ್ರ ಮನೆಯಲ್ಲಿ ಮೇ ತಿಂಗಳು, ನಿನ್ನ ಮನೆಗೆ ಮಾತ್ರ ಸೆಪ್ಟೆಂಬರೂ ಬಂದು ಕೂತಿದೆ! ಏನುಂಟು ಒಳಗೆ?"

"ಅಕ್ಕಿ, ಒಣಮೀನು, ಮೆಣಸು, ಹುಳಿ, ಉಪ್ಪು, ಎಣ್ಣೆ, ಸಾಬೂನು. ಆ ತಿಂಗಳ ಕರೆಂಟ್ ಬಿಲ್ಲಿನ ದುಡ್ಡು, ನನ್ನ ಶುಗರ್ ಮಾತ್ರೆ. ಆಯಾ ತಿಂಗಳು ಹುಟ್ಟಿದ ದಿನವೇ ಆಯಾ ಡಬ್ಬಿ ಬಿಚ್ಚೂದು. ಅದಕ್ಕಿಂತ ಮೊದ್ಲು ಪಾದ್ರಿ ಬಂದು ಕೇಳಿದ್ರೂ ಇಲ್ಲ."

"ಒಂದು ತಿಂಗಳಿಗೆ ಇಷ್ಟೇ ಸಾಕು ಅಂತ ನಿಂಗೆ ಹೇಗೆ ಗೊತ್ತು?"

"ಏಪ್ರಿಲ್ ಇಡೀ ಅಳೆದು ಬೇಯಿಸ್ದೆ. ಕಣ್ಣಂದಾಜಿಗೆ ಹಾಕೂದು ಬಿಟ್ಟೆ. ತಿಂಗಳು ಮುಗಿಯೂದ್ರೊಳಗೆ ಕೈಗೇ ಲೆಕ್ಕ ಬಂತು."

"ಹುಳ ಬೀಳ್ತದೆ ನೋಡು."

"ಬಿಸಿಲಿಗೆ ಹರಡು, ಪೂರಾ ಆರಿದ ಮೇಲೆ ತುಂಬು, ನಡು ನಡು ಒಣಗಿದ ಬೇವಿನೆಲೆ ಇಡು. ಮಳೆ ಬಿಟ್ಟು ಬಿಸಿಲು ಬಂದಾಗ ಬಿಚ್ಚಿದ ಡಬ್ಬಿಯ ಮೀನನ್ನು ಹೊರಗೆ ಹಾಕಿ ಒಳಗೆ ತಾ. ಮುಚ್ಚಳದ ಸಂದಿಗೆ ಮೇಣದಬತ್ತಿ ಕರಗಿಸಿ ಹೊಯ್ಯಿ. ಗಾಳಿ ಹೋಗ್ಲಿಕ್ಕಿಲ್ಲ. ಕದ್ದು ಬಿಚ್ಚಿದ್ರೂ ಗೊತ್ತಾಗ್ತದೆ." ಬೆರ್ತಾ ನಕ್ಕಳು. "ಕದಿಯೂದು ಬೇರೆ ಯಾರೂ ಅಲ್ಲ, ನಾವೇ."

ಬಾಗಿಲ ಹಿಂದೆ ಐದನೆಯ ಡಬ್ಬಿಯೊಂದಿತ್ತು, ಚಿಕ್ಕದು.

"ಅದು ಯಾವ ತಿಂಗಳು?"

"ಅದು ಹಬ್ಬದ್ದು. ನೆಂಟ್ರು, ಇಷ್ಟರು, ತೊಟ್ಟಿಲು, ಸಾಂ ಜಾಂವ್, ಎಲ್ಲಾ ಅದ್ರೊಳಗೇ. ಅದು ಖಾಲಿ ಆಯ್ತಾ, ಹಬ್ಬ ಮುಗೀತು. ನೀನೂ ಹೀಗೇ ಮಾಡು ಜೊಕಿನಾ. ಇವತ್ತು ಇನಾಸ್ ದುಡ್ಡು ತರ್ತಾನಲ್ಲ, ಮೊದ್ಲು ನಾಲ್ಕು ಡಬ್ಬಿ ತುಂಬು. ಉಳಿದ್ರಲ್ಲಿ ಅಳಿಯನಿಗೆ ಕೊಡು."

ಜೊಕಿನಾಳಿಗೆ ಸಿಟ್ಟು ಬಂತು. ಬುದ್ಧಿ ಹೇಳಿಸಿಕೊಳ್ಳುವುದೆಂದರೆ ಯಾರಿಗೆ ಇಷ್ಟ?

"ನಿಂಗೇನು ಮಾರಾಯ್ತಿ, ಸುಖದಲ್ಲಿದ್ದೀ. ಅಳಿಯ ಇಲ್ಲ, ಬೀಗಿತ್ತಿ ಇಲ್ಲ, ಹೇಳುವವ್ರು ಕೇಳುವವ್ರು ಇಲ್ಲ."

"ಗಂಡನೂ ಇಲ್ಲ," ಎಂದಳು ಬೆರ್ತಾ. ಅವಳ ಕೈ ಹಗ್ಗದ ಮೇಲೆ ನಿಂತಿತು. "ಯಾಕಿಲ್ಲ ಅಂತ ನಿಂಗೊತ್ತುಂಟು. ಜನ ನನ್ನ ಜಿಪುಣಿ ಅಂತಾರೆ. ಅನ್ಲಿ. ಜಿಪುಣತನ ಅಲ್ಲ ಜೊಕಿನಾ, ನಂಗೆ ಹೆದರಿಕೆ."

ಬೆರ್ತಾಳ ಗಂಡ ಪೆದ್ರುವಿನ ಕಥೆ ಕೇರಿಯಲ್ಲಿ ಗೊತ್ತಿಲ್ಲದವರಿಲ್ಲ. ಒಂದು ಜುಲೈಯಲ್ಲಿ ಮನೆಯ ಅಕ್ಕಿ ಮುಗಿದಿತ್ತು. ಮಳೆಗಾಲದ ಸಿಗಡಿಗೆ ಒಳ್ಳೆ ಬೆಲೆ ಅಂತ ಅವನು ಪುಟ್ಟ ದೋಣಿ ತೆಗೆದುಕೊಂಡು ಅಳಿವೆಗೆ ಹೋದ. ನದಿ ಸಮುದ್ರವನ್ನು ಸೇರುವ ಆ ಜಾಗದಲ್ಲಿ ಮಳೆಗಾಲದ ನೀರು ಯಾರ ಮಾತನ್ನೂ ಕೇಳುವುದಿಲ್ಲ. ದೋಣಿ ಸಿಕ್ಕಿತು. ಪೆದ್ರು ಸಿಗಲಿಲ್ಲ. ಇಗರ್ಜಿಯಲ್ಲಿ ಖಾಲಿ ಪೆಟ್ಟಿಗೆ ಇಟ್ಟು ಪ್ರಾರ್ಥನೆ ಮಾಡಿದರು.

ಜೊಕಿನಾಳಿಗೂ ಹೆದರಿಕೆಯಾಯಿತು. ಕೊಡ ಎತ್ತಿಕೊಂಡು ಹೊರಟಳು. ಆದರೆ ಆ ಹೆದರಿಕೆ ಮನೆ ಬಾಗಿಲಿನ ತನಕವೂ ಬರಲಿಲ್ಲ. ಬಾಗಿಲಲ್ಲಿ ಇನಾಸನ ತಾಯಿ ಕೂತಿದ್ದಳು.

"ಬುಟ್ಟಿ ಹೇಳಿದ್ಯಾ, ಆ ಬುಟ್ಟಿ ಹೆಣೆಯೂ ಬುರುಡನಿಗೆ? ದೊಡ್ಡದೇ ಹೇಳು," ಎಂದಳು ಮುದುಕಿ. ಅವಳಿಗೆ ದಮ್ಮಿನ ಕಾಯಿಲೆ. ಎರಡು ಮಾತಿಗೊಮ್ಮೆ ಉಸಿರು ಎಳೆಯುತ್ತಾಳೆ, ಆದರೂ ಮಾತು ಬಿಡುವುದಿಲ್ಲ. "ಈ ಮನೆಯಿಂದ ಹೋಗೂ ಬುಟ್ಟಿನ ಎರಡು ಜನ ಹೊರ್ಬೇಕು. ಒಬ್ನೇ ಹೊತ್ಕೊಂಡು ಹೋದ್ರೆ ನಾನು ಸತ್ತ ಹಾಗೇ."

ಸಂಜೆ ಇನಾಸ್ ದುಡ್ಡು ತಂದು ಹೆಂಡತಿಯ ಕೈಗಿಟ್ಟ. ಅವನು ಮಾತು ಕಡಿಮೆಯ ಮನುಷ್ಯ.

"ಮಡಗಾಂವ್‌ಗೆ ಹೋಗಿ ಮೊದ್ಲು ಮಳೆಗಾಲದ ಸಾಮಾನು ತಂದುಬಿಡು. ಮಾಯ್‌ದು ದಮ್ಮಿಗೆ ಎಳೆಯೂ ಮದ್ದಿನ ಪಂಪೂ ಎರಡು ಮೂರು ಜಾಸ್ತಿ ತಾ," ಎಂದ.

"ಪಂಪು ಎಲ್ಲಿ ಓಡಿಹೋಗ್ತದೆ? ತಿಂಗಳಿಗೊಂದು ತಂದ್ರಾಯ್ತು. ಹಬ್ಬ ಒಂದು ಮುಗೀಲಿ."

"ಜುಲೈಗೆ?"

"ಜುಲೈದು ಜುಲೈಗೆ ನೋಡಿಕೊಂಡ್ರಾಯ್ತು."

ಇನಾಸ್ ತಲೆ ಕೆರೆದುಕೊಂಡು ಹೂಂ ಎಂದ. ಅವನೂ ಮೊದಲ ಸಲ ಮಾವನಾದವನು. ಒಳಗೊಳಗೆ ಅವನಿಗೂ ಜಂಬ ಇತ್ತು.

ಸಾಂ ಜಾಂವ್ ಬಂತು. ಮಳೆಯಲ್ಲಿ ತೋಯ್ದು ತೊಪ್ಪೆಯಾದ ಹುಡುಗರ ದಂಡು ಘುಮಟೆ ಬಾರಿಸುತ್ತಾ "ವಿವಾ ಸಾಂ ಜಾಂವ್!" ಎಂದು ಕೂಗುತ್ತಾ ಅಂಗಳಕ್ಕೆ ನುಗ್ಗಿತು. ರೊಮಾರಿಯೊ ಬಾವಿಗೆ ಹಾರಿದಾಗ ನೀರು ಕಟ್ಟೆಯಾಚೆ ಚಿಮ್ಮಿತು. ಜೊಕಿನಾ ಹಂದಿಮಾಂಸ ಮಾಡಿದ್ದಳು, ಕೋಳಿ ಮಾಡಿದ್ದಳು. ಅನ್ನಕ್ಕೆ ಲೆಕ್ಕ ಇರಲಿಲ್ಲ. ಹುಡುಗರು "ಅತ್ತೆ, ಇನ್ನೊಂದು ಬಾಟ್ಲಿ!" ಎಂದರೆ ಸಾಕು, ಇನ್ನೊಂದು ಬಾಟ್ಲಿ ಹೊರಗೆ ಬರುತ್ತಿತ್ತು. ಬುಟ್ಟಿಯಲ್ಲಿ ಹಲಸು, ಅನಾನಸು, ಮಾವು, ಬಾಳೆಗೊನೆ ತುಂಬಿದರೂ ಅದರ ಕಂಠದ ಹತ್ತಿರ ಇನ್ನೂ ಖಾಲಿ ಜಾಗ ಕಾಣಿಸುತ್ತಿತ್ತು. ಮಳೆಗಾಲಕ್ಕೆಂದು ಒಣಗಿಸಿಟ್ಟ ಬಂಗಡೆ, ಸಿಗಡಿಯನ್ನೆಲ್ಲ ಬಾಳೆಲೆಯಲ್ಲಿ ಕಟ್ಟಿ ಮೇಲಿಟ್ಟಳು. ಬುಟ್ಟಿಯನ್ನು ಇಬ್ಬರು ಹೊತ್ತರು. ಮುದುಕಿ ಬಾಗಿಲಲ್ಲಿ ಕೂತು ಕಣ್ಣು ತುಂಬ ನೋಡಿದಳು.

ಆ ರಾತ್ರಿ ಜೊಕಿನಾ ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡಿದಳು.

ಆಮೇಲೆ ಜುಲೈ ಬಂತು.

ಮಳೆ ಹಿಡಿದದ್ದು ಬಿಡಲೇ ಇಲ್ಲ. ರೇಷನ್ ಅಕ್ಕಿ ಬಂದದ್ದು ತಿಂಗಳ ಅರ್ಧಕ್ಕೇ ತಳ ಕಂಡಿತು. ಜೊಕಿನಾ ಗಂಜಿಗೆ ನೀರು ಹೆಚ್ಚು ಮಾಡಿದಳು. ಆಮೇಲೆ ಇನ್ನೂ ಹೆಚ್ಚು ಮಾಡಿದಳು. ತನಗೆ ಹಸಿವಿಲ್ಲ ಎನ್ನತೊಡಗಿದಳು. ಇನಾಸ್ ಕೂಲಿ ಹುಡುಕಿಕೊಂಡು ಹೋದರೆ ಮಳೆಗೆ ಎಲ್ಲ ಕೆಲಸವೂ ನಿಂತಿತ್ತು. ಹೋದ ಹಾಗೇ ವಾಪಸು ಬರುತ್ತಿದ್ದ, ಬಂದು ಜಗಲಿಯಲ್ಲಿ ಕೂತು ಸಮುದ್ರದ ಕಡೆ ನೋಡುತ್ತಿದ್ದ.

ಆ ನೋಟ ಕಂಡಾಗಲೆಲ್ಲ ಜೊಕಿನಾಳಿಗೆ ಪೆದ್ರುವಿನ ನೆನಪಾಗುತ್ತಿತ್ತು. ರಾತ್ರಿ ಅವನು ಮಗ್ಗುಲು ಬದಲಿಸಿದರೂ ಎದ್ದು ಕೂತು ಬಾಗಿಲು ನೋಡುತ್ತಿದ್ದಳು. ಬೆರ್ತಾಳ ಮನೆಯಿಂದ ಒಣಮೀನು ಸುಡುವ ಪರಿಮಳ ಬರುತ್ತಿತ್ತು. ಹೋಗಿ ಒಂದು ಮಾತು ಕೇಳಿದ್ದರೆ ಬೆರ್ತಾ ಇಲ್ಲ ಎನ್ನುತ್ತಿರಲಿಲ್ಲ. ಆದರೆ ಅಂದು ಅಂಥ ಮಾತಾಡಿ ಬಂದಿದ್ದಳಲ್ಲ, ಯಾವ ಮುಖ ಹೊತ್ತು ಹೋಗುವುದು?

ಒಂದು ದಿನ ಮಧ್ಯಾಹ್ನ ಮುದುಕಿಯ ಉಸಿರು ಸೀಟಿ ಹೊಡೆಯತೊಡಗಿತು. ಜೊಕಿನಾ ಪಂಪು ತೆಗೆದು ಅಲ್ಲಾಡಿಸಿದಳು. ಹಗುರವಾಗಿತ್ತು.

"ಮಾಯ್, ಇದು ಖಾಲಿ ಆಗ್ತಾ ಬಂದಿದೆ! ಯಾಕೆ ಹೇಳ್ಲಿಲ್ಲ?"

"ಹೇಳಿ ಏನ್ ಮಾಡ್ಲಿ?" ಮುದುಕಿ ಗೋಡೆಗೆ ಒರಗಿದಳು. "ದುಡ್ಡಿಲ್ಲ ಅಂತ ನಂಗೊತ್ತಿಲ್ವಾ? ಎರಡು ಸಲ ಎಳೆಯೂಲ್ಲಿ ಒಂದೇ ಸಲ ಎಳೀತಾ ಇದ್ದೆ."

ಇನಾಸ್ ಅದನ್ನು ಕೇಳಿಸಿಕೊಂಡ. ಎದ್ದ. ಮಾಡಿನ ಕೆಳಗೆ ಸಿಕ್ಕಿಸಿದ್ದ ಬಲೆಯನ್ನು ಕೆಳಗಿಳಿಸಿದ.

ಅದೇ ಹೊತ್ತಿಗೆ ವಿಯೋಲಾ, ರೊಮಾರಿಯೊ ಇಬ್ಬರೂ ಕೊಡೆಯಡಿ ಒದ್ದೆಯಾಗುತ್ತಾ ಬಂದರು. ಮಳೆಗಾಲಕ್ಕೆ ಹೋಟೆಲು ಮುಚ್ಚಿತ್ತು, ಅಳಿಯನಿಗೂ ಕೆಲಸ ಇರಲಿಲ್ಲ. ಮಾವನ ಕೈಯಲ್ಲಿದ್ದ ಬಲೆ, ಒಲೆಯ ಮೇಲಿದ್ದ ನೀರುಗಂಜಿ, ಅಜ್ಜಿಯ ಉಸಿರು, ಎಲ್ಲವನ್ನೂ ನೋಡಿದ ಅವನಿಗೆ ಕಥೆ ಅರ್ಥವಾಯಿತು.

"ಕೆಂಪು ಬಾವುಟ ಹಾಕಿದ್ದಾರೆ ಮಾವ. ನಾನು ಬರುವಾಗ ನೋಡ್ದೆ."

"ಅಳಿವೆ ದಾಟೂದಿಲ್ಲ. ನಮ್ಮ ಪುಟ್ಟ ದೋಣಿಯಲ್ಲಿ ಹೋಗಿ ನದಿಯೊಳಗೇ ಬಲೆ ಬಿಟ್ಟು ಬರ್ತೇನೆ. ಒಂದು ಬುಟ್ಟಿ ಸಿಗಡಿ ಸಿಕ್ರೆ ಮದ್ದಿಗಾಯ್ತು."

"ಒಬ್ರೇ ಹೇಗೆ ಹೋಗ್ತೀರಿ? ನಾನೂ ಬರ್ತೇನೆ."

"ನಿಂಗೆ ಸಮುದ್ರ ಗೊತ್ತಿಲ್ಲ ಮಗಾ, ನೀನು ಸೌಟು ಹಿಡಿಯುವವ."

"ಬಾವಿಗೆ ಹಾರುವಾಗ ನೋಡ್ಲಿಲ್ವಾ? ನಂಗೆ ಈಜು ಬರ್ತದೆ."

ಜೊಕಿನಾ ಬಾಗಿಲಿಗೆ ಅಡ್ಡ ನಿಂತಳು. "ಇಬ್ರೂ ಹೋಗ್ಬೇಡಿ. ಕೈ ಮುಗೀತೇನೆ. ನಾನು ಬೆರ್ತಾನ ಕೇಳ್ತೇನೆ. ಈಗ್ಲೇ ಹೋಗಿ ಕೇಳ್ತೇನೆ."

"ಇವತ್ತು ಕೇಳ್ತಿ. ನಾಳೆ? ಆಗಸ್ಟ್ ಇಡೀ ಅವಳ ಬಾಗಿಲಲ್ಲೇ ನಿಲ್ತೀಯಾ?" ಇನಾಸ್ ಅವಳ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದ. "ಗಂಜಿ ಇಳಿಸಿಡು. ಬರ್ತೇವೆ."

ಅಷ್ಟೇ. ಇಬ್ಬರೂ ಮಳೆಯೊಳಗೆ ಮರೆಯಾದರು.

ಜೊಕಿನಾ ಬರಿಗಾಲಲ್ಲಿ ಓಡಿದ್ದು ಬೆರ್ತಾಳ ಮನೆಗೇ. ಮಾತು ಸರಿಯಾಗಿ ಹೊರಡಲಿಲ್ಲ. "ಬೆರ್ತಾ... ದೋಣಿ... ಅಳಿಯನೂ..." ಎಂದಷ್ಟೇ ಹೇಳಿದಳು. ಬೆರ್ತಾ ಉದ್ದನೆಯ ಹಗ್ಗವೊಂದನ್ನು ಹೆಗಲಿಗೆ ಹಾಕಿಕೊಂಡು, ಕೇರಿಯ ಮನೆಮನೆಯ ಬಾಗಿಲು ಬಡಿಯುತ್ತಾ, ಗಂಡಸರನ್ನು ಕೂಗುತ್ತಾ ದಡಕ್ಕೆ ಓಡಿದಳು.

ದಡದಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಮಳೆ, ನೊರೆ, ಕೆಂಪು ನೀರು. ನದಿ ಮೇಲಿನಿಂದ ಮರದ ದಿಮ್ಮಿ, ಬಾಳೆಗಿಡ ಏನೇನೋ ಹೊತ್ತು ತರುತ್ತಿತ್ತು. ಸಮುದ್ರ ಅದನ್ನೆಲ್ಲ ಅಳಿವೆಯ ಬಾಯಲ್ಲಿ ತಡೆದು ಹಿಂದಕ್ಕೆಸೆಯುತ್ತಿತ್ತು. ಸದ್ದು ಎಷ್ಟಿತ್ತೆಂದರೆ ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳುತ್ತಿರಲಿಲ್ಲ.

"ಅಲ್ಲಿ!" ಎಂದು ವಿಯೋಲಾ ಕಿರುಚಿದಳು.

ಪುಟ್ಟ ದೋಣಿ ಕಂಡಿತು. ನದಿಯೊಳಗೇ ಇರುತ್ತೇವೆ ಎಂದವರನ್ನು ಸೆಳೆತ ಅಳಿವೆಯ ಬಾಯಿಗೇ ತಂದಿತ್ತು. ಇಬ್ಬರೂ ಹುಟ್ಟು ಹಾಕುತ್ತಿದ್ದರು. ದೋಣಿ ಮಾತ್ರ ಹಿಂದಕ್ಕೆ ಹಿಂದಕ್ಕೆ ಹೋಗುತ್ತಿತ್ತು. ಆಮೇಲೆ ಒಂದು ಅಲೆ ಅಡ್ಡಲಾಗಿ ಬಂತು. ದೋಣಿಯ ಹೊಟ್ಟೆ ಮೇಲಾಯಿತು.

ಜೊಕಿನಾ ನೀರಿನ ಕಡೆ ಓಡಿದಳು. ಬೆರ್ತಾ ಅವಳನ್ನು ಹಿಂದಿನಿಂದ ತಬ್ಬಿ ಹಿಡಿದಳು. ಈ ಜಾಗದಲ್ಲಿ ಬೆರ್ತಾ ಮೊದಲೂ ಒಮ್ಮೆ ಹೀಗೇ ನಿಂತಿದ್ದಳಲ್ಲ.

ಒಂದು ತಲೆ ಮೇಲೆ ಬಂತು. ರೊಮಾರಿಯೊ. ಮಗುಚಿದ ದೋಣಿಯ ಅಂಚು ಹಿಡಿದಿದ್ದ. ಗಂಡಸರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಸಾಲಾಗಿ ನೀರಿಗಿಳಿದರು. ಅವನನ್ನು ಎಳೆದು ತಂದು ಮರಳಿನ ಮೇಲೆ ಹಾಕಿದಾಗ ಅವನು ಕೆಮ್ಮಿ, ವಾಂತಿ ಮಾಡಿ, "ಮಾವ... ಮಾವ ಎಲ್ಲಿ?" ಎಂದ.

ಮಾವ ಎಲ್ಲಿಯೂ ಇರಲಿಲ್ಲ.

ವಿಯೋಲಾ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಾಯಿಯ ಕಡೆ ತಿರುಗಿದಳು. ಹೆದರಿಕೆಗೋ ಸಿಟ್ಟಿಗೋ ಅವಳ ಮುಖ ವಿಕಾರವಾಗಿತ್ತು.

"ಮನೆಯಲ್ಲಿ ಅಕ್ಕಿ ಇಲ್ಲ ಅಂತ ಒಂದು ಮಾತು ಹೇಳ್ಬಾರ್ದಿತ್ತಾ ಅಮ್ಮಾ? ಅಷ್ಟು ದೊಡ್ಡ ಬುಟ್ಟಿ ಯಾರು ಕೇಳಿದ್ರು? ಅರ್ಧ ಹಣ್ಣು ಕೊಳೆತು ಹೋಯ್ತು! ಆ ಮಳೆಯಲ್ಲಿ ಹಂಚ್ಲಿಕ್ಕೆ ಯಾರು ಹೋಗ್ತಾರೆ? ನಮ್ಮ ಅತ್ತೆ ಗೊಬ್ಬರದ ಗುಂಡಿಗೆ ಹಾಕಿದ್ರು. ಒಣಮೀನಿಗೆ ಬೂಷ್ಟು ಬಂತು, ಬೆಕ್ಕೂ ಮೂಸ್ಲಿಲ್ಲ. ಅದಕ್ಕೆ ಅಂತ ಪಪ್ಪನ..."

ಗೊಬ್ಬರದ ಗುಂಡಿಗೆ. ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರನ್ನೂ ಇಬ್ಬರ ತಲೆಯ ಮೇಲೆ ಹೊರಿಸಿ ಗೊಬ್ಬರದ ಗುಂಡಿಗೆ ಕಳಿಸಿದ್ದಳು ಜೊಕಿನಾ. "ದೇವಾ, ನಂಗೆ ಯಾರ ಬಾಯಿಯ ಹೆದರಿಕೆಯೂ ಇಲ್ಲ. ಅವನೊಬ್ಬನನ್ನು ಕೊಡು," ಎಂದು ಮರಳಿನಲ್ಲಿ ಮೊಣಕಾಲೂರಿ ಬೇಡಿಕೊಂಡಳು. ಪಕ್ಕದಲ್ಲಿ ಬೆರ್ತಾಳೂ ಮೊಣಕಾಲೂರಿದಳು.

ಎಷ್ಟು ಹೊತ್ತಾಯಿತೋ. ಮೀನು ಹಿಡಿಯಲು ನದಿಗೆ ಅಡ್ಡಲಾಗಿ ನೆಟ್ಟ ಗೂಟಗಳ ಸಾಲಿನ ಕಡೆಯಿಂದ ಯಾರೋ ಕೂಗಿದರು. ಕೊನೆಯ ಗೂಟಕ್ಕೆ ಏನೋ ಕಪ್ಪಗೆ ಅಂಟಿಕೊಂಡಿತ್ತು. ಅದು ಇನಾಸ್. ಹರಿದ ಬಲೆ ಗೂಟಕ್ಕೆ ಸುತ್ತಿಕೊಂಡು, ಬಲೆಯ ಹಗ್ಗ ಅವನ ತೋಳಿಗೆ ಸುತ್ತಿಕೊಂಡು, ಹಾಗೇ ತೂಗುತ್ತಿದ್ದ. ಬೆರ್ತಾಳ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಇಬ್ಬರು ಹೋದರು. ತಂದು ಮಲಗಿಸಿದಾಗ ತುಟಿ ನೀಲಿಯಾಗಿತ್ತು. ಬೆನ್ನು ತಟ್ಟಿದರು, ಹೊಟ್ಟೆ ಒತ್ತಿದರು. ನೀರು ಬಂತು. ಆಮೇಲೆ ಉಸಿರು ಬಂತು.

ಬದುಕಿದ. ಆದರೆ ಆ ಬಲಭುಜ ಗೂಡಿನಿಂದ ತಪ್ಪಿತ್ತು, ನರ ಜಗ್ಗಿತ್ತು. ದೋಣಿ ಚೂರಾಯಿತು, ಬಲೆ ಹೋಯಿತು. ಸರಕಾರಿ ಆಸ್ಪತ್ರೆಯ ಡಾಕ್ಟರು, "ಕ್ರಿಸ್ಮಸ್ ತನಕ ಹಗ್ಗ ಎಳೆಯೋ ಹಾಗಿಲ್ಲ" ಎಂದರು.

ಅವನನ್ನು ಮನೆಗೆ ಕರೆತಂದ ದಿನ ಬೆರ್ತಾ ಬಂದಳು. ಸಂಘದವರು ಸೇರಿಸಿ ಕೊಟ್ಟ ದುಡ್ಡಿನಲ್ಲಿ ಮುದುಕಿಗೆ ಹೊಸ ಪಂಪು ತಂದಿದ್ದಳು. ಸೊಂಟದ ಮೇಲೆ ಆ ಚಿಕ್ಕ ಡಬ್ಬಿ ಇತ್ತು. ಜೊಕಿನಾ ಎದ್ದು ನಿಂತಳು, ತಲೆ ಎತ್ತಲಿಲ್ಲ.

"ಬೇಡ ಬೆರ್ತಾ. ಅದು ನಿನ್ನ ಹಬ್ಬದ ಡಬ್ಬಿ."

"ಸತ್ತ ಅಂದುಕೊಂಡವ ಎದ್ದು ಕೂತಿದ್ದಾನೆ," ಎಂದಳು ಬೆರ್ತಾ, ಮುಚ್ಚಳದ ಮೇಣವನ್ನು ಚಾಕುವಿನಿಂದ ಕೆರೆಯುತ್ತಾ. "ಇದಕ್ಕಿಂತ ದೊಡ್ಡ ಹಬ್ಬ ನಂಗೆ ಯಾವ್ದುಂಟು ಹೇಳು? ಪಾತ್ರೆ ಕೊಡು."

ಜೊಕಿನಾ ಅವಳನ್ನು ತಬ್ಬಿಕೊಂಡು ಅತ್ತಳು. ಒಳಗೆ ಮುದುಕಿ ಪೂರ್ತಿ ಎರಡು ಸಲ ಪಂಪು ಎಳೆದುಕೊಂಡು, "ಅಳೂದು ಸಾಕು, ಆ ಡಬ್ಬಿಯ ಹಿಕ್ಮತ್ತು ಏನು ಅಂತ ನಂಗೂ ಹೇಳು ಬೆರ್ತಾ," ಎಂದಳು.

ಮುಂದಿನ ವರ್ಷ ಸುಲಭವಾಗಿತ್ತು ಎಂದು ನಾನು ಹೇಳಿದರೆ ಅದು ಸುಳ್ಳು. ಇನಾಸ್ ಜನವರಿಯ ನಂತರವೇ ದೋಣಿ ಹತ್ತಿದ್ದು. ಕೊನೆಯ ಪಾಲು ಹಿಂದಿನ ವರ್ಷದ ಅರ್ಧವೂ ಇರಲಿಲ್ಲ. ಆದರೆ ದುಡ್ಡು ಮನೆಗೆ ಬಂದ ಮರುದಿನವೇ ಜೊಕಿನಾ ಮಡಗಾಂವ್‌ಗೆ ಹೋದಳು. ಮೊದಲು ಮದ್ದಿನ ಅಂಗಡಿಗೆ, ಆಮೇಲೆ ಅಕ್ಕಿ ಅಂಗಡಿಗೆ. ಹಂದಿಮಾಂಸ ಇರಲಿಲ್ಲ, ಹೊಸ ಸೀರೆ ಇರಲಿಲ್ಲ. ಮುದುಕಿ ಒಲೆಯ ಹತ್ತಿರ ಕೂತು ಮೇಣ ಕರಗಿಸಿದಳು. ಇನಾಸ್ ಎಡಗೈಯಲ್ಲಿ ಹಗ್ಗ ಬಿಗಿದ. ಹಬ್ಬದ ಡಬ್ಬಿ ಅಂಗೈಯಗಲ ಇತ್ತು.

ಸಾಂ ಜಾಂವ್‌ಗೆ ಬೀಗರ ಮನೆಗೆ ಒಂದು ಹಲಸಿನಹಣ್ಣು ಹೋಯಿತು. ಜೊಕಿನಾಳೇ ಹೊತ್ತುಕೊಂಡು ಹೋದಳು.

"ಇಷ್ಟೇನಾ?" ಎಂದಳು ಬೀಗಿತ್ತಿ.

"ಇಷ್ಟೇ. ನನ್ನ ಜುಲೈ ಮನೆಯಲ್ಲುಂಟು, ಅದ್ನ ತರ್ಲಿಲ್ಲ," ಎಂದಳು ಜೊಕಿನಾ. ಬೀಗಿತ್ತಿಗೆ ತನ್ನ ಮಗನೂ ಆ ನೀರಿನಿಂದ ಎದ್ದು ಬಂದವನು ಎಂಬುದು ನೆನಪಾಯಿತೋ ಏನೋ, ಹಣ್ಣನ್ನು ಎರಡೂ ಕೈಯಲ್ಲಿ ಇಸಿದುಕೊಂಡು, "ಒಳಗೆ ಬಾ, ಚಾ ಕುಡಿ. ಆ ಡಬ್ಬಿ ಕಟ್ಟೂದು ಹೇಗೆ ಅಂತ ವಿಯೋಲಾ ಹೇಳ್ತಾ ಇದ್ಲು," ಎಂದಳು.

ಆ ಜುಲೈಯಲ್ಲೂ ಕೆಂಪು ಬಾವುಟ ಹಾರಿತು. ಅಳಿವೆ ಹೋದ ವರ್ಷಕ್ಕಿಂತ ಜೋರಾಗಿ ಬೊಬ್ಬೆ ಹಾಕಿತು. ಆ ಸದ್ದಿಗೆ ಜೊಕಿನಾ ಕೈಯಲ್ಲಿದ್ದ ಸೌಟು ಬಿಟ್ಟು ಜಗಲಿಗೆ ಓಡಿದಳು. ಜಗಲಿ ಖಾಲಿ ಇತ್ತು.

"ಎಲ್ಲಿಗೆ ಓಡ್ತಿ?" ಒಳಕೋಣೆಯಿಂದ ಇನಾಸನ ಗೊಣಗಾಟ ಕೇಳಿಸಿತು. ತಾಯಿಯ ಪಕ್ಕದಲ್ಲಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. "ದಿನಾ ಅದೇ ಅನ್ನ, ಅದೇ ಒಣಮೀನು. ಅದಕ್ಕೂ ಉಪ್ಪು ಕಮ್ಮಿ!"

ಜೊಕಿನಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವಳು ಇಡೀ ಬದುಕಿನಲ್ಲಿ ಕೇಳಿದ ಮಾತುಗಳಲ್ಲಿ ಅದರಷ್ಟು ಸಿಹಿಯಾದ ಮಾತು ಇನ್ನೊಂದಿರಲಿಲ್ಲ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಊರಿನಲ್ಲಿ ಅಳಿವೆ ಇಲ್ಲದಿರಬಹುದು. ಆದರೆ ವರ್ಷಕ್ಕೊಮ್ಮೆ ದುಡ್ಡು ಕಾಣುವ ಮನೆ ನಿಮ್ಮದಾದರೆ, ನಿಮಗೂ ಖಾಲಿ ತಿಂಗಳುಗಳು ಇದ್ದೇ ಇರುತ್ತವೆ. ಅವು ಯಾವುವು ಎಂದು ಇವತ್ತೇ ಮನೆಯವರೆಲ್ಲ ಕೂತು ಮಾತಾಡಿ. ಒಂದು ತಿಂಗಳು ಅಳೆದು ಬೇಯಿಸಿ ನೋಡಿ. ದುಡ್ಡು ಬಂದ ದಿನ ಆ ತಿಂಗಳುಗಳ ಡಬ್ಬಿಯನ್ನೇ ಮೊದಲು ತುಂಬಿ. ಮನೆಯ ಹಿರಿಯರ ಮದ್ದನ್ನು ಅದರೊಳಗೆ ಇಡಲು ಮರೆಯಬೇಡಿ. ಹಬ್ಬ ಮಾಡಿ, ಬೇಡ ಎನ್ನುವುದಿಲ್ಲ, ಹಬ್ಬದ ಡಬ್ಬಿಯಲ್ಲಿ ಇದ್ದಷ್ಟು ಮಾಡಿ. ಆದರೂ ಸಾಲದೆ ಬಂದರೆ ನಾಚಿಕೊಂಡು ಕೂರಬೇಡಿ, ಪಕ್ಕದ ಮನೆಯ ಬಾಗಿಲು ತಟ್ಟಿ, ಸಂಘಕ್ಕೆ ಹೇಳಿ.

ಹೆದರುವುದಿದ್ದರೆ ಕೈಯಲ್ಲಿ ದುಡ್ಡಿರುವಾಗಲೇ ಹೆದರಿ. ದಡದಲ್ಲಿ ನಿಂತು ಹೆದರಿ ಏನೂ ಪ್ರಯೋಜನವಿಲ್ಲ. ಬೇಕಾದರೆ ಬೆರ್ತಾಳನ್ನು ಕೇಳಿ.